ಕಬ್ಬಿಣದ ಕಡತ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳಿದವನು ನಾನು. ಶಾಸನ, ತಾಳೆಗರಿ, ಗೆಜೆಟಿಯರು, ಸರ್ಕಾರಿ ಕಡತ, ಇವು ಚರಿತ್ರೆಯ ಆಕರಗಳು ಎಂದು ವರ್ಷವರ್ಷವೂ ಹುಡುಗರಿಗೆ ನೋಟ್ಸು ಬರೆಸುತ್ತಿದ್ದೆ. ಕೈಗೆ ಸೀಮೆಸುಣ್ಣದ ಪುಡಿ ಹತ್ತಿದ್ದುಂಟು, ಗ್ರೀಸು ಹತ್ತಿದ್ದಿಲ್ಲ. ಸೈಕಲ್ಲಿನ ಚೈನು ಕಳಚಿದರೂ ದಾರಿಯಲ್ಲಿ ಹೋಗುವ ಯಾರಾದರೂ ಪುಣ್ಯಾತ್ಮ ನಿಲ್ಲಲಿ ಎಂದು ಕಾಯುತ್ತಿದ್ದ ಆಸಾಮಿ. ಅಂಥವನು 2024ರಲ್ಲಿ, ನಿವೃತ್ತನಾದ ವರ್ಷವೇ, ಅಪ್ಪನ ಹಳೆಯ ಜಾವಾ ಎಂಜಿನ್ನನ್ನು ಕೈಯಾರೆ ಬಿಚ್ಚಿ ಮತ್ತೆ ಜೋಡಿಸಿದೆ ಎಂದರೆ ನನ್ನ ಹೆಂಡತಿಯೇ ಇನ್ನೂ ಪೂರ್ತಿ ನಂಬಿಲ್ಲ.

ಇದಕ್ಕೆ ಕಾರಣನಾದವನು ಬೆಂಗಳೂರಿನ ಒಬ್ಬ ತರುಣ. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿದ ಮೇಲೆ ಗುಜರಿಯವರೂ ಮೂಸಿ ನೋಡದಿದ್ದ ಹಳೆಯ ಜಾವಾಗಳಿಗೆ, 2018ರಲ್ಲಿ ಬೇರೊಂದು ಕಂಪನಿ ಅದೇ ಹೆಸರಿನಲ್ಲಿ ಹೊಸ ಬೈಕು ತಂದ ನಂತರ ಎಲ್ಲಿಲ್ಲದ ಬೆಲೆ ಬಂದಿತ್ತು. ನಮ್ಮ ಹುಣಸೂರಿನ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ 1965ರ ಜಾವಾ ಒಂದು ಬಿದ್ದಿದೆ ಎಂಬ ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು. ಬಂದವನು ಟ್ಯಾಂಕಿನ ಮೇಲಿನ ಧೂಳು ಒರೆಸಿ, ಕುತ್ತಿಗೆಯ ಬಳಿಯ ನಂಬರ್ ಪಟ್ಟಿ ಓದಿ, ಕಿಕ್ ಮೇಲೆ ಕಾಲಿಟ್ಟು ಒತ್ತಿದ. ಅದು ಕಲ್ಲಿನಂತೆ ನಿಂತಿತ್ತು. “ಎಂಜಿನ್ ಜಾಮ್ ಆಗಿದೆ ಸಾರ್. ಯಾಕೆ ನಿಲ್ಲಿಸಿದ್ರಿ ಇದನ್ನ?” ಎಂದು ಕೇಳಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯ ಅರ್ಥ ನನಗೆ ಆ ಕ್ಷಣದಲ್ಲಿ ಆದಂತೆ ಹಿಂದೆಂದೂ ಆಗಿರಲಿಲ್ಲ. “ಮಾರೋದಿಲ್ಲಪ್ಪ” ಎಂದುಬಿಟ್ಟೆ. ಅವನು ಹೋದ ಮೇಲೆ ಕೊಟ್ಟಿಗೆಯಲ್ಲೇ ಬಹಳ ಹೊತ್ತು ಕುಳಿತಿದ್ದೆ. ಆ ಗಾಡಿ ಯಾಕೆ ನಿಂತಿತು ಎಂಬುದು ಲೋಕದಲ್ಲಿ ನನ್ನೊಬ್ಬನಿಗೆ ಮಾತ್ರ ಗೊತ್ತಿತ್ತು.

ಜಾವಾ ಎಂಬುದು ಇಂಡೋನೇಷ್ಯಾದ ದ್ವೀಪದ ಹೆಸರಲ್ಲ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ದೇಶದ ಶಸ್ತ್ರಾಸ್ತ್ರ ತಯಾರಕ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ಲಿನ ಹಕ್ಕು ಪಡೆದು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಇಟ್ಟ ಹೆಸರು ಅದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ದೇಶವನ್ನೇ ಆಕ್ರಮಿಸಿಕೊಂಡಿದ್ದಾಗ ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ಹೊಸ 250 ಸಿಸಿ ಗಾಡಿಯೊಂದನ್ನು ರೂಪಿಸುತ್ತಿದ್ದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅದು ಹೊರಬಂತು. ಗೇರು ಬದಲಿಸುವಾಗ ಕ್ಲಚ್ ಹಿಡಿಯಲೇಬೇಕೆಂಬ ಕಟ್ಟಳೆ ಅದಕ್ಕಿರಲಿಲ್ಲ. ಗೇರಿನ ಲಿವರನ್ನು ಕಾಲಿನಿಂದ ಅದುಮಿದರೆ ಮೊದಲು ಕ್ಲಚ್ ಬಿಡುತ್ತದೆ, ಆಮೇಲೆ ಗೇರು ಬೀಳುತ್ತದೆ. 1954ರಲ್ಲಿ ಬಂದ 353 ಎಂಬ ಮಾದರಿಗೂ ಈ ಗುಣ ಇಳಿಯಿತು. ಅದರಲ್ಲಿ ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್! ನಮ್ಮ ಮೈಸೂರಿಗೆ ಬಂದದ್ದು ಆ ವಂಶವೇ.

ಹೊರದೇಶದ ಮೋಟರ್‌ಸೈಕಲ್ಲುಗಳ ಆಮದನ್ನು ಸರ್ಕಾರ ಬಿಗಿಮಾಡಿದ ಕಾಲ ಅದು. ಮುಂಬಯಿಯಲ್ಲಿ ಜಾವಾ ಮಾರುತ್ತಿದ್ದ ಇರಾನಿ ಮನೆತನದ ರುಸ್ತುಂ ಮತ್ತು ಫಾರೂಕ್ ಇರಾನಿಯವರು 1960ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಅದನ್ನು ಉದ್ಘಾಟಿಸಿದರು. ಮೊದಮೊದಲು ಚೆಕ್ ದೇಶದಿಂದ ಭಾಗಗಳನ್ನು ತರಿಸಿ ಜೋಡಿಸುತ್ತ, ಬರಬರುತ್ತ ಒಂದೊಂದನ್ನೇ ಇಲ್ಲಿ ಮಾಡಿಕೊಳ್ಳುತ್ತ ಹೋದರು. 1973ರ ನಂತರ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರು ಎನ್ನುತ್ತಾರೆ. ಹೆಸರು ಬದಲಾದರೂ ನಮ್ಮ ಕಡೆಯ ಹಳ್ಳಿಯವರ ಬಾಯಲ್ಲಿ ಎಲ್ಲವೂ ಜಾವಾವೇ. 1985ರ ಸುಮಾರಿಗೆ ಜಪಾನಿನವರ ಜೊತೆಗೂಡಿ ತಯಾರಾದ ನೂರು ಸಿಸಿಯ ಹಗುರ ಗಾಡಿಗಳು ಬಂದವು. ಕುಡಿಯುವ ಪೆಟ್ರೋಲು ಕಡಿಮೆ, ಓಡುವ ದಾರಿ ಹೆಚ್ಚು. ಜಾವಾದ ಸಂತತಿ ಹನ್ನೊಂದು ವರ್ಷ ತಾಳಿಕೊಂಡು 1996ರಲ್ಲಿ ನಿಂತಿತು.

ಇಷ್ಟನ್ನು ನಾನು ಪುಸ್ತಕ ನೋಡಿ ಹೇಳಬಲ್ಲೆ. ಉಳಿದದ್ದು ಯಾವ ಪುಸ್ತಕದಲ್ಲೂ ಇಲ್ಲ.

ನಮ್ಮಪ್ಪ ಪಶುವೈದ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. 1968ರಲ್ಲಿ ಕೊಡಗಿನ ಕಾಫಿ ತೋಟದವರೊಬ್ಬರಿಂದ ಮೂರು ವರ್ಷ ಓಡಿದ್ದ ಜಾವಾವನ್ನು ಸಾಲ ಮಾಡಿ ಕೊಂಡರು. ಹನಗೋಡು, ಗಾವಡಗೆರೆ, ಚಿಲ್ಕುಂದ, ಕಟ್ಟೆಮಳಲವಾಡಿ, ಎಲ್ಲಿ ದನಕ್ಕೆ ರೋಗ ಬಂದರೂ ಅಪ್ಪನ ಗಾಡಿಯ ಸದ್ದು ಕೇಳಬೇಕು. ಹಿಂದಿನ ಕ್ಯಾರಿಯರಿಗೆ ಹಗ್ಗದಲ್ಲಿ ಕಟ್ಟಿದ ದೊಡ್ಡ ಫ್ಲಾಸ್ಕು, ಅದರೊಳಗೆ ಮಂಜುಗಡ್ಡೆ, ಮಂಜುಗಡ್ಡೆಯ ನಡುವೆ ರಿಂಡರ್‌ಪೆಸ್ಟ್ ಲಸಿಕೆ. ಹಳ್ಳಿಗೆ ಹಳ್ಳಿಯ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ಆ ದೊಡ್ಡರೋಗ 2011ರಲ್ಲಿ ಇಡೀ ಲೋಕದಿಂದ ನಿರ್ಮೂಲವಾಯಿತು ಎಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಬೇರುಸಹಿತ ಕಿತ್ತ ಎರಡನೆಯ ರೋಗ ಅದು. ಮಂಜುಗಡ್ಡೆ ಕರಗುವುದರೊಳಗೆ ಊರು ಮುಟ್ಟಬೇಕಾಗಿದ್ದ ಅಪ್ಪನಂಥವರ ಗಾಡಿಗಳ ಹೆಸರು ಆ ಘೋಷಣೆಯಲ್ಲಿ ಇರಲಿಲ್ಲ, ಇರುವುದೂ ಇಲ್ಲ.

ಅಪ್ಪ ಲೆಕ್ಕದ ಮನುಷ್ಯ. ಜೇಬಿನ ಡೈರಿಯಲ್ಲಿ ಪ್ರತಿ ಲೀಟರು ಪೆಟ್ರೋಲನ್ನೂ ಬರೆಯುತ್ತಿದ್ದರು. ‘ಪೆಟ್ರೋಲ್ 5. ಆಯಿಲ್ 200.’ ಜಾವಾದಂಥ ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಹಾಕಬೇಕು, ಲೀಟರಿಗೆ 40 ಮಿಲಿಲೀಟರು. ಕಾರಣ ಇದು: ಪೆಟ್ರೋಲು, ಗಾಳಿಯ ಮಿಶ್ರಣ ನೇರವಾಗಿ ಸಿಲಿಂಡರಿಗೆ ಹೋಗುವುದಿಲ್ಲ, ಮೊದಲು ಕೆಳಗಿನ ಕ್ರ್ಯಾಂಕ್ ಕೇಸಿಗೆ ಇಳಿದು, ಅಲ್ಲಿಂದ ಪಿಸ್ಟನ್ನಿನ ಒತ್ತಡಕ್ಕೆ ಸಿಕ್ಕಿ ಮೇಲಕ್ಕೆ ಏರುತ್ತದೆ. ದಾರಿಯಲ್ಲಿ ಅದರೊಳಗಿನ ಎಣ್ಣೆ ಕ್ರ್ಯಾಂಕಿನ ಬೇರಿಂಗುಗಳಿಗೂ ಪಿಸ್ಟನ್ನಿಗೂ ಹತ್ತುತ್ತದೆ. ಬೇರೆ ಎಣ್ಣೆ ಅವಕ್ಕಿಲ್ಲ. ಟ್ಯಾಂಕಿಗೆ ಎಣ್ಣೆ ಬೀಳದಿದ್ದರೆ ಅವೆಲ್ಲ ಒಣಗಿ, ಕಾದು, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ‘ಸೀಜ್’ ಆಗುತ್ತದೆ.

1982ರ ಏಪ್ರಿಲ್‌ನಲ್ಲಿ ಅಪ್ಪ ಎಂಜಿನ್ನಿಗೆ ಎರಡನೆಯ ಸಲ ಬೋರು ಮಾಡಿಸಿದರು. ಮಾಡಿದವರು ನಮ್ಮೂರಿನ ಒಬ್ಬ ಮೆಕ್ಯಾನಿಕ್ಕು. ಗ್ಯಾರೇಜಿನ ಹುಡುಗರು ಉಸ್ತಾದ್ ಎನ್ನುತ್ತಿದ್ದರು. ನಾವೂ ಹಾಗೇ ಕರೆಯುತ್ತಿದ್ದೆವು. 1974ರ ಮೊದಲ ಬೋರೂ ಅವರದ್ದೇ. ಅಪ್ಪನಿಗೂ ಅವರಿಗೂ ಸಲಿಗೆಯಿತ್ತು. ರಂಜಾನಿಗೆ ಅವರ ಮನೆಯಿಂದ ಶೀರ್‌ಕುರ್ಮಾ ಬಂದರೆ ಯುಗಾದಿಗೆ ನಮ್ಮ ಮನೆಯಿಂದ ಒಬ್ಬಟ್ಟು ಹೋಗುತ್ತಿತ್ತು.

ಮೇ 16, ಭಾನುವಾರ. ನನಗೆ ಹದಿನೆಂಟು. ಮೈಸೂರಿನಲ್ಲಿ ಚಿಕ್ಕಪ್ಪನಿಗೆ ಏನೋ ಕಾಗದ ಕೊಟ್ಟು ಬಾ ಎಂದು ಅಪ್ಪ ಗಾಡಿ ಕೊಟ್ಟರು. ಬರುವಾಗ ಪೆಟ್ರೋಲಿಗೂ ಆಯಿಲಿಗೂ ಎಂದು ಎಣಿಸಿ ದುಡ್ಡು ಕೊಟ್ಟಿದ್ದರು. ನಾನು ಸಿನಿಮಾ ನೋಡಿದೆ, ಹೋಟೆಲಿಗೆ ಹೋಗಿ ದೋಸೆ ತಿಂದೆ. ಬಂಕಿಗೆ ಬಂದಾಗ ದುಡ್ಡು ಪೆಟ್ರೋಲಿಗಷ್ಟೇ ಸಾಕಾಗುವಂತಿತ್ತು. ಟ್ಯಾಂಕಿನ ತಳದಲ್ಲಿ ಹಳೆಯ ಮಿಶ್ರಣ ಸ್ವಲ್ಪ ಇದೆಯಲ್ಲ, ಒಂದು ಸಲಕ್ಕೆ ಏನಾಗುತ್ತದೆ ಎಂದುಕೊಂಡೆ. ಬಿಳಿಕೆರೆ ಹತ್ತಿರ ಬರುವಾಗ ಗಾಡಿ ಇದ್ದಕ್ಕಿದ್ದಂತೆ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಬಿಗಿಯಿತು. ಹಿಂದಿನ ಚಕ್ರ ಕಿರ್ರೆಂದು ಎಳೆದುಕೊಂಡು ನಿಂತಿತು. ಕಿಕ್ ಹೊಡೆದರೆ ಇಳಿಯದು. ಆಲದ ಮರದ ಕೆಳಗೆ ಮುಕ್ಕಾಲು ಗಂಟೆ ಕುಳಿತೆ. ಎಂಜಿನ್ ಆರಿದ ಮೇಲೆ ಕಿಕ್ ಇಳಿಯಿತು. ದಾರಿಯಲ್ಲಿ ಹೋಗುತ್ತಿದ್ದ ಸ್ಕೂಟರಿನವರೊಬ್ಬರನ್ನು ಕಾಡಿ ಬೇಡಿ ಅವರ ಡಬ್ಬಿಯಿಂದ ಒಂದಿಷ್ಟು ಆಯಿಲ್ ಹಾಕಿಸಿಕೊಂಡು ನಿಧಾನವಾಗಿ ಮನೆ ಸೇರಿದೆ. ಅಪ್ಪ “ಆಯಿಲ್ ಹಾಕಿಸಿದೆಯೇನೋ?” ಎಂದು ಕೇಳಲಿಲ್ಲ. ಮಗ ಹಾಕಿಸಿರುತ್ತಾನೆ ಎಂದು ನಂಬಿದ್ದರು.

ಮಾರನೆಯ ದಿನ ಎಂಜಿನ್ನು ಟಕಟಕ ಎನ್ನುತ್ತಿತ್ತು. ಅಪ್ಪ ನನ್ನನ್ನೂ ಕರೆದುಕೊಂಡು ಉಸ್ತಾದರ ಗ್ಯಾರೇಜಿಗೆ ಹೋದರು. ಉಸ್ತಾದ್ ಸದ್ದು ಕೇಳಿ, ಎಂಜಿನ್ ಬಂದ್ ಮಾಡಿ, ಒಂದೇ ಮಾತು ಕೇಳಿದರು: “ಸಾರ್, ಹಾಕಿದ್ರಾ ಆಯಿಲ್?”

ಹದಿನಾಲ್ಕು ವರ್ಷ ಮಿಲಿಲೀಟರಿನ ಲೆಕ್ಕ ಇಟ್ಟ ಮನುಷ್ಯನನ್ನು ಕೇಳುವ ಪ್ರಶ್ನೆಯೇ ಅದು? ಅಪ್ಪ ಡೈರಿ ತೆಗೆದು ತೋರಿಸಿದರು. ಬೋರು ಬಿಗಿ ಮಾಡಿ ಕೆಡಿಸಿದವನು ನೀನು, ತಪ್ಪು ನನ್ನ ಮೇಲೆ ಹಾಕುತ್ತೀಯಾ ಎಂದರು. ಅದುವರೆಗೆ ಅಪ್ಪ ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿರಲಿಲ್ಲ. ಬಿಚ್ಚಿ ನೋಡೋಣ ಸಾರ್, ಬಿಚ್ಚಿದರೆ ಗೊತ್ತಾಗುತ್ತೆ ಎಂದು ಉಸ್ತಾದ್ ಎರಡೆರಡು ಸಲ ಹೇಳಿದರು. ಅಪ್ಪ ಒಪ್ಪಲಿಲ್ಲ. ಗಾಡಿಯನ್ನು ತಳ್ಳಿಕೊಂಡೇ ಮನೆಗೆ ಬಂದರು. ಹಿಂದಿನಿಂದ ತಳ್ಳಿದವನು ನಾನು. ಗ್ಯಾರೇಜಿನಿಂದ ಮನೆಯವರೆಗಿನ ಆ ದಾರಿಯಲ್ಲಿ ಹೇಳಬಹುದಾಗಿತ್ತು. ಹೇಳಲಿಲ್ಲ. ಆಮೇಲೆ ಕೆಲವು ತಿಂಗಳು ಆ ಸದ್ದಿನಲ್ಲೇ ಅಷ್ಟಿಷ್ಟು ಓಡಾಡಿ ಅಪ್ಪ ಗಾಡಿಯನ್ನು ಕೊಟ್ಟಿಗೆಗೆ ಸೇರಿಸಿ, ಬಸ್ಸಿಗೂ ಇಲಾಖೆಯ ಜೀಪಿಗೂ ಹೊಂದಿಕೊಂಡರು. ಮಾರುವ ಮಾತೆತ್ತಿದರೆ ಸಿಟ್ಟಾಗುತ್ತಿದ್ದರು. ಬೇರೆ ಮೆಕ್ಯಾನಿಕ್ಕಿನ ಕೈಗೂ ಕೊಡಲಿಲ್ಲ. 1999ರಲ್ಲಿ ಅಪ್ಪ ತೀರಿಕೊಂಡರು.

ಹೀಗಾಗಿ ಆ ಎಂಜಿನ್ನನ್ನು 1982ರ ಏಪ್ರಿಲ್ ನಂತರ ಯಾರೂ ಬಿಚ್ಚಿರಲಿಲ್ಲ.

ಉಸ್ತಾದರಿಗೆ ಈಗ ಎಂಬತ್ತು. ಗ್ಯಾರೇಜನ್ನು ಮೊಮ್ಮಗ ನಡೆಸುತ್ತಾನೆ. ಅವರು ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಕೈ ನಡುಗುತ್ತದೆ, ಕಣ್ಣು ಮಾತ್ರ ಚುರುಕು. ನಾನು ಹೋಗಿ ಅಪ್ಪನ ಹೆಸರು ಹೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಸಾರ್ ಮಗನಾ? ಕಾಲೇಜಲ್ಲಿ ಮೇಷ್ಟ್ರಾಗಿದ್ರಿ ಅಂತ ಕೇಳಿದ್ದೆ. ಕೂತ್ಕೊಳ್ಳಿ.” ಗಾಡಿ ರೆಡಿ ಮಾಡಬೇಕು ಎಂದೆ. ಹುಡುಗ ಮಾಡುತ್ತಾನೆ, ಬಿಟ್ಟುಹೋಗಿ ಎಂದರು. ಇಲ್ಲ ಉಸ್ತಾದ್, ನಾನೇ ಬಿಚ್ಚಬೇಕು, ನೀವು ಹೇಳಿಕೊಡಿ ಎಂದೆ. ಮೊಮ್ಮಗ ನಕ್ಕ. ಅವರು ನಗಲಿಲ್ಲ. “ನಾಳೆ ಹಳೆ ಬಟ್ಟೆ ಹಾಕ್ಕೊಂಡು ಬನ್ನಿ” ಎಂದರು.

ಮೊದಲ ವಾರ ಏನನ್ನೂ ಬಿಚ್ಚಲಿಲ್ಲ. ಪ್ಲಗ್ಗಿನ ತೂತಿನೊಳಗೆ ಡೀಸೆಲ್ ಸುರಿದು ಕಾದೆವು. ಮುಚ್ಚಿದ ಸಿಲಿಂಡರಿನೊಳಗೆ ತುಕ್ಕು ನೆನೆಯಬೇಕು. ಆಮೇಲೆ ಎಂಜಿನ್ ಇಳಿಸಿದೆವು. ಸೈಡ್ ಕವರಿನ ಸ್ಕ್ರೂಗಳು ನಾಲ್ಕು ದಶಕ ಅಲುಗದೆ ಅಲ್ಯೂಮಿನಿಯಮ್ಮಿನೊಂದಿಗೆ ಒಂದಾಗಿದ್ದವು. ಜೋರು ಮಾಡಿ ಎರಡರ ತಲೆ ಕಿತ್ತೆ. “ಜೋರು ಬೇಡ ಮೇಷ್ಟ್ರೇ, ಬಿಸಿ ಕೊಡಿ. ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಬೇಗ ಹಿಗ್ಗುತ್ತೆ. ಹಿಗ್ಗಿದ್ರೆ ತಾನೇ ಬಿಡುತ್ತೆ” ಎಂದರು ಉಸ್ತಾದ್. ಬಲಗಡೆ ಕವರ್ ತೆಗೆದರೆ ಆರು ವೋಲ್ಟಿನ ಡೈನಮೊ, ಅದರ ಪಕ್ಕ ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟು. ಎಡಗಡೆ ಚೈನು, ಕ್ಲಚ್ಚು. ಕ್ಲಚ್ ಪ್ಲೇಟಿನ ಬೂಚಿನ ತುಂಡುಗಳು ಮುಟ್ಟಿದರೆ ಪುಡಿಯಾದವು. ಬಿಚ್ಚಿದ ಒಂದೊಂದು ತುಂಡನ್ನೂ ಮೊಮ್ಮಗ ಮೊಬೈಲಿನಲ್ಲಿ ಫೋಟೋ ಹಿಡಿದ. ನಾನು ಹಳೆಯ ಅಭ್ಯಾಸದಂತೆ ಚೀಟಿ ಬರೆದು ಕಟ್ಟಿದೆ. ಉಸ್ತಾದ್ ಮಾತ್ರ, ಬಿಚ್ಚಿದ ಕ್ರಮದಲ್ಲೇ ನೆಲದ ಮೇಲೆ ಸಾಲಾಗಿ ಇಡಿ, ತಿರುಗಿ ಬರುವಾಗ ಅದೇ ದಾರಿ ಎಂದರು. ಕೊನೆಗೆ ಉಪಯೋಗಕ್ಕೆ ಬಂದದ್ದು ಅವರ ಸಾಲೇ.

ಹೆಡ್ ತೆಗೆದು ಪಿಸ್ಟನ್ನಿನ ತಲೆಯ ಕರಿ ಕೆರೆದೆ. 0.50 ಎಂಬ ಅಂಕೆ ಕಾಣಿಸಿತು. ಜಾವಾದ ಸಿಲಿಂಡರು ಹೊಸದರಲ್ಲಿ 65 ಮಿಲಿಮೀಟರು ಅಗಲ. ಪಿಸ್ಟನ್ನಿನ ಓಟ 75. ಸವೆದು ಅಂಡಾಕಾರವಾದಾಗ ಕಾಲು ಮಿಲಿಮೀಟರಿನಷ್ಟು ಅಗಲಿಸಿ ಆ ಅಳತೆಯ ದಪ್ಪ ಪಿಸ್ಟನ್ ಹಾಕುತ್ತಾರೆ. 0.25, 0.50, 0.75, 1.00. ಉಸ್ತಾದರ ಲೆಕ್ಕದಲ್ಲಿ ಒಂದು ಸಿಲಿಂಡರಿಗೆ ಇಷ್ಟೇ ಆಯುಸ್ಸು. ಹಾಗೆ ನೋಡಿದರೆ ಪಿಸ್ಟನ್ನಿನ ಅಂಕೆಯನ್ನು ಓದಿಯೇ ಗಾಡಿ ಎಷ್ಟು ಬಾಳಿದೆ ಎಂದು ಹೇಳಬಹುದು, ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಿದಂತೆ. ಸಿಲಿಂಡರನ್ನು ಎತ್ತಿ ತಿರುಗಿಸಿದಾಗ ಅದರ ಬುಡದ ಅಂಚಿನಲ್ಲಿ ಎರಡು ಸಣ್ಣ ಚುಕ್ಕೆ ಕಂಡವು. ಉಸ್ತಾದ್ ಅದರ ಮೇಲೆ ಬೆರಳಾಡಿಸಿ, “ನಂದೇ. ಒಂದೊಂದು ಬೋರಿಗೆ ಒಂದೊಂದು ಪಂಚ್ ಹೊಡೀತಿದ್ದೆ” ಎಂದರು. ಶಾಸನದ ಕೊನೆಯಲ್ಲಿ ರೂವಾರಿ ತನ್ನ ಹೆಸರು ಕೆತ್ತಿದ ಹಾಗೆ. ನನ್ನ ಡೈರಿಯಲ್ಲಲ್ಲ, ಅಪ್ಪನ ಡೈರಿಯಲ್ಲಿ ಎರಡು ತಾರೀಕುಗಳಿದ್ದವು. ಈ ಕಬ್ಬಿಣದಲ್ಲಿ ಎರಡು ಚುಕ್ಕೆಗಳು. ಕಡತವೂ ವಸ್ತುವೂ ಒಂದನ್ನೊಂದು ಒಪ್ಪುತ್ತಿದ್ದವು.

ಆದರೆ ಪಿಸ್ಟನ್ನಿನ ಮೈತುಂಬ ಉದ್ದುದ್ದ ಗೀರುಗಳಿದ್ದವು. ಸಿಲಿಂಡರಿನ ಗೋಡೆಗೆ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಮೊಮ್ಮಗ ನೋಡಿದವನೇ, “ತಾತಾ, ಬೋರ್ ಟೈಟ್ ಆಗಿತ್ತೇನೋ” ಎಂದ. ಪಾಪ, ಅವನಿಗೇನು ಗೊತ್ತು? ಉಸ್ತಾದರ ಮುಖದಲ್ಲಿ ಏನೂ ಕಾಣಲಿಲ್ಲ. “ಕೇಸ್ ಬಿಚ್ಚಿ. ಕ್ರ್ಯಾಂಕ್ ತೆಗೀರಿ” ಎಂದರು.

ಎರಡು ಹೋಳು ಕೇಸನ್ನು ಬಿಸಿ ಮಾಡಿ ಬೇರ್ಪಡಿಸಿ ಕ್ರ್ಯಾಂಕ್ ಹೊರತೆಗೆಯುವುದಕ್ಕೆ ಒಂದು ಇಡೀ ದಿನ ಹಿಡಿಯಿತು. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆ. ಕನೆಕ್ಟಿಂಗ್ ರಾಡಿನ ಕೆಳತುದಿ, ಕ್ರ್ಯಾಂಕ್ ಪಿನ್ನನ್ನು ತಬ್ಬಿರುವ ಭಾಗ, ನೀಲಿಯಾಗಿತ್ತು. ನವಿಲುಗರಿಯ ಅಂಚಿನಂಥ ನೀಲಿ. ಉಕ್ಕು ವಿಪರೀತ ಕಾದು ತಣಿದರೆ ಆ ಬಣ್ಣ ಬರುತ್ತದೆ, ಮತ್ತೆ ಹೋಗುವುದಿಲ್ಲ.

ಉಸ್ತಾದ್ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮೊಮ್ಮಗನಿಗೆ ಪಾಠ ಹೇಳುವವರ ಹಾಗೆ ಹೇಳಿದರು. “ನೋಡು, ಬೋರ್ ಬಿಗಿ ಇದ್ರೆ ಪಿಸ್ಟನ್ ಕಚ್ಚುತ್ತೆ. ಆದ್ರೆ ಕೆಳಗಡೆ ಬೇರಿಂಗಿಗೂ ಬೋರಿಗೂ ಏನು ಸಂಬಂಧ? ಪೆಟ್ರೋಲಲ್ಲಿ ಆಯಿಲ್ ಇದ್ರೆ ಅದಕ್ಕೆ ಸಿಕ್ಕೇ ಸಿಗುತ್ತೆ. ಇದು ನೀಲಿ ಆಗಿದೆ ಅಂದ್ರೆ ಆಯಿಲ್ ಇರಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, ಸಮಾಧಾನ ಮಾಡುವ ದನಿಯಲ್ಲಿ, “ಹೋಗ್ಲಿ ಬಿಡಿ ಮೇಷ್ಟ್ರೇ. ನಿಮ್ಮ ತಂದೆ ದೊಡ್ಡೋರು. ಯಾವತ್ತೋ ಒಂದಿನ ಮರೆತಿರ್ತಾರೆ” ಎಂದರು.

ಆ ಕ್ಷಣದಲ್ಲೂ ಸುಮ್ಮನಿರಬಹುದಾಗಿತ್ತು. ಅಪ್ಪ ಇಲ್ಲ. ಉಸ್ತಾದರು ಕ್ಷಮಿಸಿಯೂ ಆಗಿದೆ. ಚರಿತ್ರೆಯ ಮೇಷ್ಟರಾಗಿ ನನ್ನ ಮುಂದೆ ಎರಡು ಆಕರಗಳಿದ್ದವು: ಎಣ್ಣೆ ಹಾಕಿದೆ ಎನ್ನುವ ಡೈರಿ, ಎಣ್ಣೆ ಇರಲಿಲ್ಲ ಎನ್ನುವ ಕಬ್ಬಿಣ. ಎರಡೂ ಸುಳ್ಳು ಹೇಳುವಂಥವಲ್ಲ. ಡೈರಿಯ ಆ ಭಾನುವಾರದ ಪುಟದಲ್ಲಿ ಪೆಟ್ರೋಲಿನ ಸಾಲೇ ಇಲ್ಲ. ಗಾಡಿ ಅವತ್ತು ಅಪ್ಪನ ಕೈಯಲ್ಲಿರಲಿಲ್ಲ. ಆ ಖಾಲಿ ಜಾಗದಲ್ಲಿ ಇರಬೇಕಾದವನು ನಾನು.

“ಮರೆತದ್ದು ಅಪ್ಪ ಅಲ್ಲ ಉಸ್ತಾದ್. ಮರೆತದ್ದೂ ಅಲ್ಲ. ಆಯಿಲ್ ದುಡ್ಡಲ್ಲಿ ನಾನು ಸಿನಿಮಾ ನೋಡಿದ್ದೆ” ಎಂದೆ. ಬಿಳಿಕೆರೆಯ ಆಲದ ಮರದಿಂದ ಗಾಡಿ ತಳ್ಳಿದ್ದರ ತನಕ ಎಲ್ಲ ಹೇಳಿದೆ. ಮೊಮ್ಮಗ ಎದ್ದು ಟೀ ತರುವ ನೆಪದಲ್ಲಿ ಆಚೆ ಹೋದ.

ಉಸ್ತಾದ್ ಬಹಳ ಹೊತ್ತು ಮಾತಾಡಲಿಲ್ಲ. ಆ ರಾಡನ್ನು ಮಡಿಲಿನಿಂದ ಇಳಿಸಲೂ ಇಲ್ಲ. ಆಮೇಲೆ, ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯದಂತೆ, “ಸಾರ್ ಸುಳ್ಳು ಹೇಳಿದ್ರು ಅಂತ ಇಷ್ಟು ವರ್ಷ ಅಂದ್ಕೊಂಡಿದ್ನಲ್ಲಾ” ಎಂದರು.

ನಾನು ಅವರಿಂದ ಬೈಗುಳ ನಿರೀಕ್ಷಿಸಿದ್ದೆ. ಅಪ್ಪನ ಮಾತಿಗೆ ಊರಲ್ಲಿ ತೂಕವಿತ್ತು. ಆ ಜಗಳದ ನಂತರ ಇಲಾಖೆಯವರ ಗಾಡಿಗಳು ಒಂದೊಂದಾಗಿ ಬೇರೆ ಗ್ಯಾರೇಜಿಗೆ ಹೋದವಂತೆ. ಮೂರು ವರ್ಷ ಉಸ್ತಾದ್ ಮೈಸೂರಿಗೆ ಹೋಗಿ ಬೇರೊಬ್ಬರ ಗ್ಯಾರೇಜಿನಲ್ಲಿ ಕೂಲಿಗೆ ದುಡಿದರಂತೆ. ಇದನ್ನು ನನಗೆ ಹೇಳಿದವನು ಮೊಮ್ಮಗ, ಅದೂ ಎರಡು ದಿನ ಬಿಟ್ಟು. ಉಸ್ತಾದ್ ಅದರ ಸುದ್ದಿಯನ್ನೇ ಎತ್ತಲಿಲ್ಲ. ಅವರಿಗೆ ನೋವಾಗಿದ್ದದ್ದು ಇನ್ನೊಂದಕ್ಕೆ. ಇಬ್ಬರು ಸತ್ಯವಂತರು ಒಬ್ಬರನ್ನೊಬ್ಬರು ಸುಳ್ಳರೆಂದು ತಿಳಿದುಕೊಂಡು, ಒಬ್ಬರು ಹಾಗೆಯೇ ತೀರಿಕೊಂಡಿದ್ದರು. ನಡುವೆ ನಿಂತಿದ್ದ ಹುಡುಗನ ಒಂದು ಮಾತಿನಿಂದ ತಪ್ಪಬಹುದಾಗಿದ್ದ ಅನ್ಯಾಯ ಅದು. ಕ್ಷಮೆ ಕೇಳಿದೆ. “ನೀವು ನನ್ನ ಹತ್ರ ಕೇಳಿದ್ರಿ. ಸಾರ್ ಹತ್ರ ಯಾರು ಕೇಳ್ಬೇಕು, ನಾನಾ ನೀವಾ?” ಎಂದರು. ಅದಕ್ಕೆ ಉತ್ತರ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹೋಗುವುದೋ ಬೇಡವೋ ಎಂದು ಅನುಮಾನಿಸುತ್ತಲೇ ಹೋದೆ. ಉಸ್ತಾದ್ ಕುರ್ಚಿಯನ್ನು ಬಾಗಿಲಿನಿಂದ ಒಳಕ್ಕೆ, ಎಂಜಿನ್ನಿನ ಪಕ್ಕಕ್ಕೆ ಹಾಕಿಸಿಕೊಂಡಿದ್ದರು.

ಸಿಲಿಂಡರನ್ನು ಮೈಸೂರಿಗೆ ಬೋರಿಂಗಿಗೆ ಕೊಟ್ಟೆವು. 0.75ಕ್ಕೆ ಅಗಲಿಸಿದರೂ ಎರಡು ಗೀರು ಹೋಗಲಿಲ್ಲ, 1.00ಕ್ಕೆ ಹೋಗಬೇಕಾಯಿತು. “ಒಂದು ಆಯುಸ್ಸು ನೀವು ತಿಂದ್ರಿ. ಇದು ಕೊನೇದು” ಎಂದರು ಉಸ್ತಾದ್, ನಗುತ್ತಲೇ. ಕ್ರ್ಯಾಂಕು ಮೂರು ತುಂಡಿನ ಜೋಡಣೆ, ಎರಡು ಚಕ್ರ, ನಡುವೆ ಪಿನ್ನು. ಹಳೆಯ ಪಿನ್ನನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು, ಹೊಸ ಪಿನ್ನು, ರೋಲರು, ರಾಡು ಕೂರಿಸಿ ಮತ್ತೆ ಒತ್ತಬೇಕು. ಒತ್ತಿದ ಮೇಲೆ ಎರಡು ಚಕ್ರಗಳೂ ಒಂದೇ ನೇರದಲ್ಲಿ ಸುತ್ತುತ್ತಿವೆಯೇ ಎಂದು ಡಯಲ್ ಗೇಜಿನಲ್ಲಿ ನೋಡುವುದು, ತಾಮ್ರದ ಸುತ್ತಿಗೆಯಲ್ಲಿ ಒಂದೇಟು ಹಾಕುವುದು, ಮತ್ತೆ ನೋಡುವುದು. ಮುಳ್ಳಿನ ಓಲಾಟ ಮಿಲಿಮೀಟರಿನ ನೂರನೆಯ ಎರಡು ಮೂರು ಭಾಗಕ್ಕೆ ಇಳಿಯುವ ತನಕ ಮೊಮ್ಮಗನ ಕೈಯಲ್ಲಿ ಮಾಡಿಸಿದರು. ಅದೊಂದನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ.

ಉಳಿದದ್ದೆಲ್ಲ ನನ್ನದೇ. ಕೇಸನ್ನು ಕಾಯಿಸಿ ಬೇರಿಂಗು ಬಿಟ್ಟಾಗ ಅದು ತಾನಾಗಿಯೇ ಟಕ್ಕೆಂದು ಕುಳಿತ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ. ಟೂ ಸ್ಟ್ರೋಕಿನ ಪಿಸ್ಟನ್ ರಿಂಗು ಸುತ್ತುವಂತಿಲ್ಲ. ಸುತ್ತಿದರೆ ಅದರ ತುದಿ ಗೋಡೆಯ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಅದಕ್ಕೇ ಗಾಡಿಯಲ್ಲಿ ಒಂದು ಸಣ್ಣ ಗೂಟವಿದೆ, ರಿಂಗಿನ ಬಾಯಿ ಅದರ ಮೇಲೇ ಕೂರಬೇಕು. ಪಿಸ್ಟನ್ನಿನ ಬಾಣದ ಗುರುತು ಸೈಲೆನ್ಸರಿನ ಕಡೆಗಿರಬೇಕು. ಇಷ್ಟೆಲ್ಲ ಜೋಪಾನ ಮಾಡಿದವನು ಪಿನ್ನಿನ ಲಾಕು ಹಾಕುವಾಗ ಕೇಸಿನ ಬಾಯಿಗೆ ಬಟ್ಟೆ ತುರುಕುವುದನ್ನು ಮರೆತೆ. ಲಾಕು ಚಿಮ್ಮಿ ನೇರ ಒಳಕ್ಕೆ ಬಿತ್ತು. ಎಂಜಿನ್ನನ್ನು ಇಬ್ಬರು ತಲೆಕೆಳಗು ಹಿಡಿದು ಅಲ್ಲಾಡಿಸಿದರೂ ಬರದೆ, ಅಯಸ್ಕಾಂತದ ಕಡ್ಡಿ ಹಾಕಿ ಎತ್ತಬೇಕಾಯಿತು. ಉಸ್ತಾದ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಯಿಂಟಿನ ಸಂದನ್ನು 0.4 ಮಿಲಿಮೀಟರಿಗೆ ಹೊಂದಿಸುವುದಕ್ಕೆ ನನ್ನ ಕನ್ನಡಕ ಎರಡು ಸಲ ಬದಲಾಯಿತು. ಸಿಲಿಂಡರು ಕೂರಿಸುವ ಮೊದಲು ಉಸ್ತಾದ್ ಪಂಚು ಸುತ್ತಿಗೆ ತರಿಸಿದರು. ಪಂಚನ್ನು ಅವರು ಹಿಡಿದರು, ನಡುಗದ ಹಾಗೆ ಅವರ ಮುಂಗೈಯನ್ನು ನಾನು ಹಿಡಿದೆ, ಮೊಮ್ಮಗ ಹೊಡೆದ. ಮೂರನೆಯ ಚುಕ್ಕೆ ಸ್ವಲ್ಪ ಓರೆಯಾಗಿದೆ.

ಐವತ್ತೊಂದನೆಯ ದಿನ ಎಂಜಿನ್ ಗಾಡಿಗೆ ಏರಿತು. ಬಂಕಿನಿಂದ ಐದು ಲೀಟರು ಪೆಟ್ರೋಲು ತಂದಿದ್ದೆ. ಅಳತೆಯ ಲೋಟದಲ್ಲಿ ಇನ್ನೂರು ಮಿಲಿಲೀಟರು ಆಯಿಲ್ ಸುರಿದು, ಕ್ಯಾನನ್ನು ಚೆನ್ನಾಗಿ ಕುಲುಕಿ, ಟ್ಯಾಂಕಿಗೆ ಹಾಕಿದೆ. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಕಾಲಿಟ್ಟೆ. ಉಸ್ತಾದ್ ಕುರ್ಚಿಯಿಂದಲೇ ಕೈಯೆತ್ತಿ ತಡೆದರು.

“ಮೇಷ್ಟ್ರೇ, ಹಾಕಿದ್ರಾ ಆಯಿಲ್?”

“ಹಾಕಿದೆ ಉಸ್ತಾದ್.”

ಏಳನೆಯ ಕಿಕ್ಕಿಗೆ ಹೊತ್ತಿಕೊಂಡಿತು. ಎರಡೂ ಸೈಲೆನ್ಸರುಗಳಿಂದ ಬಿಳಿ ಹೊಗೆ ಗ್ಯಾರೇಜಿನ ತುಂಬ ತುಂಬಿತು. ಆ ಸುಟ್ಟ ಎಣ್ಣೆಯ ವಾಸನೆಗೆ ಮೊಮ್ಮಗ ಮೂಗು ಮುಚ್ಚಿಕೊಂಡು ಹೊರಗೋಡಿದ. ಉಸ್ತಾದ್ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಟಕಟಕ ಇರಲಿಲ್ಲ.

ಮನೆಗೆ ಬಂದು ಅಪ್ಪನ 1982ರ ಡೈರಿ ತೆಗೆದೆ. ಹಳೆಯ ದಾಖಲೆಯ ಮೇಲೆ ಒಂದಕ್ಷರವನ್ನೂ ಬರೆಯಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ನಾನು. ಆ ಸಂಜೆ ನಿಯಮ ಮುರಿದೆ. ಮೇ 16ರ ಖಾಲಿ ಜಾಗದಲ್ಲಿ, ಅಪ್ಪನ ಕ್ರಮದಲ್ಲೇ, ಬರೆದೆ: ‘ಪೆಟ್ರೋಲ್ 3. ಆಯಿಲ್ ಇಲ್ಲ.’ ಕೆಳಗೆ ನನ್ನ ಸಹಿ ಹಾಕಿ, ಬರೆದ ದಿನದ ತಾರೀಕು ನಮೂದಿಸಿದೆ.